ಕರೆದಾಗ ಬರೋ ಶೇರ್ ವ್ಯಾನ್: ಜನಕ್ಕೆ ನಿಜವಾಗ್ಲೂ ಬೇಕಾ, ಬೇಕಿದ್ರೆ ದುಡ್ಡು ಕೊಡೋರು ಯಾರು?

ಖಾಲಿಸೀಟು:
ನಮಸ್ಕಾರ ಎಲ್ರಿಗೂ. ಪೋಸ್ಟು ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ನಾವು ಮೂರು ಜನ ಸೇರಿ ಒಂದು ಶೇರ್ಡ್ ವ್ಯಾನ್ ಸರ್ವಿಸ್ ಶುರು ಮಾಡೋಣ ಅಂತ ಯೋಚ್ನೆ ಮಾಡ್ತಿದೀವಿ. ರೂಟ್ ಇಲ್ಲ, ಟೈಮ್‌ಟೇಬಲ್ ಇಲ್ಲ, ಆಪ್‌ನಲ್ಲಿ ಎಲ್ಲಿಂದ ಎಲ್ಲಿಗೆ ಅಂತ ಹಾಕಿದ್ರೆ ಆ ಕಡೆ ಹೋಗೋ ಎಲ್ಲರನ್ನೂ ಒಂದೇ ಗಾಡಿಗೆ ಸೇರಿಸಿ ಬಿಡೋದು, ಎಂಟು ಸೀಟಿಂದ ಹನ್ನೆರಡು ಸೀಟಿನ ಗಾಡಿ. ಬಸ್ಸಿಗಿಂತ ಆರಾಮ, ಟ್ಯಾಕ್ಸಿಗಿಂತ ಅಗ್ಗ, ಐಡಿಯಾ ಇಷ್ಟೇ.

ಸುಮಾರು ಜನನ್ನ ಮಾತಾಡಿಸಿದ್ವಿ, ಕೇಳಿದೋರೆಲ್ಲ "ಓ ಬಂದ್ರೆ ಖಂಡಿತ ಯೂಸ್ ಮಾಡ್ತೀವಿ" ಅಂದ್ರು. ಆದ್ರೆ ಓದ್ತಾ ಹೋದ್ರೆ ಎದೆ ಝಲ್ ಅನ್ನತ್ತೆ, ಇದೇ ಥರದ ಸರ್ವಿಸ್‌ಗಳೆಲ್ಲ ಮುಚ್ಚಿವೆ, ಹೆಲ್ಸಿಂಕಿಯ ಕುಟ್ಸುಪ್ಲುಸ್ 2015ರಲ್ಲಿ ನಿಂತೋಯ್ತು, ಅಮೆರಿಕದ ಬ್ರಿಜ್ 2017ರಲ್ಲಿ ಮುಚ್ಚಿತು, ಫೋರ್ಡ್‌ನಂಥ ಕಂಪನಿ ಹಿಂದೆ ಇದ್ರೂ ಚಾರಿಯಟ್ 2019ರ ಶುರುವಲ್ಲೇ ಬಾಗಿಲು ಹಾಕ್ತು. ಇಷ್ಟೊಂದು ಜನಕ್ಕೆ ಬೇಕಾಗಿರೋ ವಸ್ತು ಯಾಕೆ ಹಿಂಗಾಗತ್ತೆ? ಜನಕ್ಕೆ ನಿಜವಾಗಿ ಬೇಕಾಗಿರೋದು ಏನು, ಕಮ್ಮಿ ರೇಟಾ, ಸ್ಪೀಡಾ, ಸೀಟಾ? ಇನ್ನೂ ಯಾರೂ ಕೈ ಹಾಕದೆ ಇರೋ ಮಾರ್ಕೆಟ್ ಎಲ್ಲಾದ್ರೂ ಉಳಿದಿದೆಯಾ? ದಯವಿಟ್ಟು "ಇಡೀ ಮಾರ್ಕೆಟ್‌ನಲ್ಲಿ ಒಂದು ಪರ್ಸೆಂಟ್ ಸಿಕ್ರೂ ಸಾಕು" ಅನ್ನೋ ಉತ್ತರ ಬೇಡ, ಅದನ್ನ ನಮ್ ಪಾರ್ಟ್ನರ್ ದಿನಾ ಹೇಳ್ತಾನೆ.

ಡಿಪೋಕಡೆಯವ:
ಗಾಡಿ ಓಡಿಸೋ ಕಡೆ ಕೆಲ್ಸ ಮಾಡಿರೋನು ನಾನು, ಹಾಗಾಗಿ ಆಪು, ಬ್ರ್ಯಾಂಡು ಎಲ್ಲ ಬಿಟ್ಟು ಒಂದೇ ಲೆಕ್ಕ ಹೇಳ್ತೀನಿ. ಒಂದು ಗಾಡಿ ಒಂದು ಗಂಟೆ ರಸ್ತೆ ಮೇಲಿದ್ರೆ ಎಷ್ಟು ಜನ ಹತ್ತತಾರೆ? ಈ ಒಂದು ನಂಬರ್ ಗೊತ್ತಾದ್ರೆ ಮಿಕ್ಕಿದ್ದೆಲ್ಲ ಅದ್ರ ಹಿಂದೇನೇ ಬರತ್ತೆ.

ಒಬ್ಬ ಪ್ಯಾಸೆಂಜರ್‌ನ ಹತ್ತಿಸ್ಕೊಳ್ಳೋಕೆ ಮೇನ್ ರೋಡ್ ಬಿಟ್ಟು ಒಳಗೆ ಹೋಗಿ, ನಿಂತು, ಅವ್ರು ಬಂದು ಕೂತು, ವಾಪಸ್ ದಾರಿಗೆ ಬರೋಕೆ ಆರು ನಿಮಿಷ ಅಂತ ಇಟ್ಕೊಳಿ. ಇಳಿಸೋಕೆ ಇನ್ನೊಂದು ಆರು. ಅಲ್ಲಿಗೆ ಒಬ್ಬರಿಗೆ ಹನ್ನೆರಡು ನಿಮಿಷ ಆಯ್ತು, ಗಂಟೆಗೆ ಐದು ಜನ ಅಷ್ಟೇ. ನಿಮ್ಮ ವ್ಯಾನ್‌ಗೆ ಎಂಟು ಸೀಟ್ ಇರ್ಲಿ ಇಪ್ಪತ್ತು ಸೀಟ್ ಇರ್ಲಿ, ಲೆಕ್ಕ ಬದಲಾಗಲ್ಲ, ಯಾಕಂದ್ರೆ ಸೀಟು ತುಂಬೋ ಮುಂಚೆ ಮೊದ್ಲು ಹತ್ತಿದೋನ ತಾಳ್ಮೆ ಮುಗ್ದಿರತ್ತೆ. ಈ ಥರದ ಸರ್ವಿಸ್‌ಗಳು ಸಾಮಾನ್ಯವಾಗಿ ಗಂಟೆಗೆ 2ರಿಂದ 5 ಜನದ ಹತ್ರಾನೇ ನಿಲ್ಲತ್ತೆ. ಜನ ಇರೋ ರೂಟ್‌ನಲ್ಲಿ ಓಡೋ ಬಸ್ಸು ಅದೇ ಒಂದು ಗಂಟೆಗೆ ಹತ್ತಾರು ಜನನ್ನ ಸಾಗಿಸತ್ತೆ. ಡ್ರೈವರ್ ಸಂಬಳ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ತಾನೆ? ಅಂದ್ರೆ ನಿಮ್ಮ ಖರ್ಚು ಟ್ಯಾಕ್ಸಿ ಹತ್ರ ಇರತ್ತೆ, ಜನ ಕೊಡೋಕೆ ರೆಡಿ ಇರೋದು ಬಸ್ಸಿನ ಹತ್ರದ ರೇಟು. ಮಧ್ಯದ ಗುಂಡಿ ಯಾರು ತುಂಬಿಸ್ತಾರೆ ಅನ್ನೋದಕ್ಕೆ ಉತ್ತರ ಸಿಗದೇ ಇರೋದೇ ನೀವು ಹೇಳಿದ ಅಷ್ಟೂ ಕಂಪನಿಗಳ ಕಥೆ.

ಕುಟ್ಸುಪ್ಲುಸ್ ಕೆಟ್ಟ ಸರ್ವಿಸ್ ಆಗಿರ್ಲಿಲ್ಲ. 2012ರಲ್ಲಿ ಟ್ರಯಲ್ ಶುರುವಾಯ್ತು, ಬಳಸಿದೋರು ಮೆಚ್ಕೊಂಡ್ರು. ಆದ್ರೆ ಇದ್ದಿದ್ದು 15 ಮಿನಿಬಸ್ಸು, ಓಡಾಡ್ಬೇಕಾಗಿದ್ದು ಅಷ್ಟಗಲ ಊರು. ಗಾಡಿ ತೆಳ್ಳಗೆ ಹರಡ್ಕೊಂಡಿದ್ರೆ ಒಂದೇ ದಾರೀಲಿ ಹೋಗೋ ಇಬ್ಬರು ಒಂದೇ ಹೊತ್ತಿಗೆ ಸಿಗೋದೇ ಕಷ್ಟ. ಗಾಡಿ ಜಾಸ್ತಿ ಮಾಡೋ ಪ್ಲ್ಯಾನ್ ಇತ್ತು, ಅದಕ್ಕೆ ಬೇಕಾದ ಸಾರ್ವಜನಿಕ ದುಡ್ಡು ಬರ್ಲಿಲ್ಲ. ಹೋಗ್ಲಿ, ಇದು ಸ್ಮಾರ್ಟ್‌ಫೋನ್ ಕಾಲದ್ದೇನೂ ಅಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲೇ ಡಯಲ್-ಎ-ರೈಡ್ ಅಂತ ಇತ್ತು, ಫೋನ್ ಮಾಡಿದ್ರೆ ವ್ಯಾನ್ ಬರ್ತಿತ್ತು. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಲಿ 1974ರಲ್ಲಿ ದೊಡ್ಡದಾಗಿ ಶುರು ಮಾಡಿ ಕೆಲವೇ ತಿಂಗಳಲ್ಲಿ ನಿಲ್ಲಿಸಿದ್ರು, ಒಂದು ಕಡೆ ಫೋನ್ ಲೈನ್ ತುಂಬಿ ತುಳುಕ್ತಿತ್ತು, ಇನ್ನೊಂದು ಕಡೆ ಟ್ಯಾಕ್ಸಿಯವರು ಕೋರ್ಟಿಗೆ ಹೋದ್ರು. ಫೋನ್ ಬುಕಿಂಗ್ ತಾಪತ್ರಯಾನ ಇವತ್ತು ಆಪ್ ಪರಿಹಾರ ಮಾಡಿದೆ. ಗಲ್ಲಿ ಒಳಗೆ ಹೋಗಿ ಬರೋ ಆರು ನಿಮಿಷಾನ ಯಾವ ಆಪೂ ಕಮ್ಮಿ ಮಾಡಿಲ್ಲ.

ಕಿಟಕಿಪಕ್ಕ:
ನಾನು ಬಿಸ್ನೆಸ್‌ನೋಳಲ್ಲ, ಹತ್ತಿ ಇಳಿಯೋಳು. ನಿಮ್ಮ ಸರ್ವೇ ಬಗ್ಗೇನೇ ಮೊದ್ಲು ಹೇಳ್ತೀನಿ. "ಬಂದ್ರೆ ಯೂಸ್ ಮಾಡ್ತೀರಾ" ಅಂತ ಕೇಳಿದ್ರೆ ಯಾರು ಇಲ್ಲ ಅಂತಾರೆ, ಹೂಂ ಅನ್ನೋಕೆ ಖರ್ಚೇನಿಲ್ವಲ್ಲ. ಅದ್ರ ಬದ್ಲು ನಿನ್ನೆ ಎಲ್ಲಿಗೆ ಹೋದ್ರಿ, ಹೆಂಗೆ ಹೋದ್ರಿ, ಎಷ್ಟು ಹೊತ್ತು ಕಾದ್ರಿ, ಯಾವ ಕಡೆ ಹೋಗ್ಬೇಕಿದ್ರೂ ಬೇಡ ಅಂತ ಬಿಟ್ರಿ, ಹಂಗೆ ಕೇಳಿ. ಹೋಗ್ದೇ ಬಿಟ್ಟ ಕಡೆಗಳಲ್ಲೇ ನಿಮ್ಮ ಮಾರ್ಕೆಟ್ ಇರೋದು.

ಬೇಕಾಗಿರೋದು ಸ್ಪೀಡ್ ಅಲ್ಲ, ಗ್ಯಾರಂಟಿ. ನಲವತ್ತು ನಿಮಿಷ ಆಗತ್ತೆ ಅಂತ ಹೇಳಿ ನಲವತ್ತೇ ಆದ್ರೆ ನಂಗೆ ಓಕೆ. ಇವತ್ತು ಇಪ್ಪತ್ತೈದು, ನಾಳೆ ಐವತ್ತೈದು ಅಂದ್ರೆ ನಾನು ದಿನಾ ಐವತ್ತೈದು ಅಂತಾನೇ ಮನೆ ಬಿಡ್ಬೇಕು, ನಿಮ್ಮ ಇಪ್ಪತ್ತೈದು ನಿಮಿಷದಿಂದ ನಂಗೆ ಏನು ಬಂತು? ಶೇರ್ ಗಾಡಿಲಿ ಇದೇ ದೊಡ್ಡ ಕಿರಿಕಿರಿ, ಹತ್ತಿದ್ಮೇಲೆ ಇನ್ನೊಬ್ಬರು ಬುಕ್ ಮಾಡ್ತಾರೆ, ಗಾಡಿ ತಿರುಗತ್ತೆ, ತಲುಪೋ ಟೈಮ್ ಕಣ್ಣೆದುರಿಗೇ ಮುಂದಕ್ಕೆ ಹೋಗತ್ತೆ. ಹತ್ತೋ ಮುಂಚೆ ಒಂದು ಕೊನೇ ಟೈಮ್ ಹೇಳ್ಬಿಡಿ, ಅದನ್ನ ಮಾತ್ರ ದಾಟಬೇಡಿ, ಒಳಗೆ ಎಷ್ಟು ತಿರುವು ಹಾಕ್ತೀರೋ ನಿಮ್ಮಿಷ್ಟ.

ಎರಡನೇದು, ಹೋಗೋದಕ್ಕಿಂತ ವಾಪಸ್ ಬರೋದು ಮುಖ್ಯ. ಸಂಜೆ ವಾಪಸ್ ಗಾಡಿ ಸಿಗತ್ತೋ ಇಲ್ವೋ ಅನ್ನೋ ಡೌಟ್ ಇದ್ರೆ ಬೆಳಿಗ್ಗೇನೇ ಸ್ಕೂಟರ್ ತೆಗೀತಾರೆ, ಅಲ್ಲಿಗೆ ನಿಮ್ಮ ಎರಡು ಟ್ರಿಪ್ಪೂ ಹೋಯ್ತು. ಮತ್ತೆ ಹೆಂಗಸರ ಓಡಾಟ ಮನೆಯಿಂದ ಆಫೀಸು, ಆಫೀಸಿಂದ ಮನೆ ಅಂತ ನೇರ ಇರಲ್ಲ ಕಣ್ರೀ, ಮಗೂನ ಬಿಟ್ಟು, ಔಷಧಿ ತಗೊಂಡು, ಯಾರನ್ನೋ ನೋಡ್ಕೊಂಡು ಬರೋದಿರತ್ತೆ, ಕೈಯಲ್ಲಿ ಚೀಲ ಇರತ್ತೆ. ನಿಮ್ಮ ಆಪ್‌ನಲ್ಲಿ ಅದೆಲ್ಲ ಮೂರು ಬೇರೆ ಬೇರೆ ಬುಕಿಂಗ್, ಮೂರು ಬೇರೆ ಬೇರೆ ಚಾರ್ಜ್.

ರಾತ್ರಿ ವಿಷ್ಯ ಹೇಳ್ದೇ ಇದ್ರೆ ಆಗಲ್ಲ. ದೊಡ್ಡ ಬಸ್ಸಲ್ಲಿ ನಲವತ್ತು ಅಪರಿಚಿತರಿದ್ರೆ ಧೈರ್ಯ, ಚಿಕ್ಕ ವ್ಯಾನಲ್ಲಿ ಇಬ್ಬರು ಅಪರಿಚಿತರಿದ್ರೆ ಭಯ. ಯಾರನ್ನ ಕೊನೇಲಿ ಇಳಿಸ್ತೀರ ಅನ್ನೋದನ್ನ ಬರೀ ದೂರದ ಲೆಕ್ಕದಲ್ಲಿ ನಿಮ್ಮ ಸಾಫ್ಟ್‌ವೇರ್ ನಿರ್ಧಾರ ಮಾಡಿದ್ರೆ ಒಂದಿನ ಯಾರೋ ಒಬ್ಬಳು ಡ್ರೈವರ್ ಜೊತೆ ಒಬ್ಳೇ ಉಳೀತಾಳೆ. ಇನ್ನೊಂದು, ಮನೆ ಬಾಗಿಲಿಗೇ ಬಿಡೋದು ಯಾವಾಗ್ಲೂ ಸೌಲಭ್ಯ ಅಲ್ಲ, ಪಕ್ಕದಲ್ಲಿ ಕೂತೋನಿಗೆ ನನ್ನ ಮನೆ ಯಾವ್ದು ಅಂತ ಯಾಕೆ ಗೊತ್ತಾಗ್ಬೇಕು? ಹಗಲು ಹೊತ್ತು ಮೂಲೆವರೆಗೂ ನಡೀತೀನಿ, ರಾತ್ರಿ ಬಾಗಿಲು ಬೇಕು, ಎರಡನ್ನೂ ಆರಿಸ್ಕೊಳ್ಳೋ ಹಕ್ಕು ನಂಗಿರ್ಲಿ.

ಕೋಡ್‌ಕುಟ್ಟಿಗ:
@ಡಿಪೋಕಡೆಯವ ಗುರುಗಳೇ, ಟೆಕ್ನಾಲಜಿನ ಇಷ್ಟು ಸಲೀಸಾಗಿ ತಳ್ಳಾಕ್ಬೇಡಿ. 2017ರಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿ ಕಡೆಯಿಂದ ಒಂದು ರಿಸರ್ಚ್ ಪೇಪರ್ ಬಂತು, ನ್ಯೂಯಾರ್ಕ್ ಟ್ಯಾಕ್ಸಿಗಳ ನಿಜವಾದ ಟ್ರಿಪ್ ಡೇಟಾ ತಗೊಂಡು ಮಾಡಿದ್ದು. 13,000ಕ್ಕೂ ಹೆಚ್ಚು ಟ್ಯಾಕ್ಸಿ ಮಾಡೋ ಕೆಲಸದಲ್ಲಿ 98 ಪರ್ಸೆಂಟ್‌ನ ನಾಲ್ಕು ಸೀಟಿನ 3,000 ಗಾಡಿ ಹಂಚ್ಕೊಂಡು ಮಾಡಬಹುದು, ಕಾಯೋದು ಸರಾಸರಿ ಮೂರು ನಿಮಿಷದ ಒಳಗೆ, ಅಂತ ತೋರಿಸಿದ್ರು. ಡೆನ್ಸಿಟಿ ಇದ್ರೆ, ಅಂದ್ರೆ ಒಂದೇ ಜಾಗದಲ್ಲಿ ಬೇಡಿಕೆ ದಟ್ಟವಾಗಿದ್ರೆ, ಶೇರಿಂಗ್ ಕೆಲಸ ಮಾಡತ್ತೆ.

ಆದ್ರೆ ಖಾಲಿಸೀಟು ಅವ್ರೇ, ಆ ಪೇಪರ್‌ನ ಪ್ರೆಸೆಂಟೇಶನ್‌ಗೆ ಹಾಕೋ ಮುಂಚೆ ಎರಡು ವಿಷ್ಯ ನೋಡಿ. ಅದು ಭೂಮಿ ಮೇಲೇ ಅತಿ ಹೆಚ್ಚು ಟ್ಯಾಕ್ಸಿ ಬೇಡಿಕೆ ಇರೋ ಜಾಗಗಳಲ್ಲಿ ಒಂದು, ಮತ್ತೆ ಲೆಕ್ಕದಲ್ಲಿ ಎಲ್ಲರೂ ಶೇರ್ ಮಾಡೋಕೆ ಒಪ್ತಾರೆ. ನಿಜವಾದ ಜನ ಒಪ್ಪಲ್ಲ. ಊಬರ್ ಪೂಲ್ 2014ರಲ್ಲಿ ಬಂದಾಗ ಆಗಿದ್ದು ಏನು? ಬುಕ್ ಮಾಡೋವಾಗ್ಲೇ ಡಿಸ್ಕೌಂಟ್ ಫಿಕ್ಸ್, ಆಮೇಲೆ ಜೊತೆಗೆ ಇನ್ನೊಬ್ಬರು ಸಿಗ್ಲಿಲ್ಲ ಅಂದ್ರೆ ಒಬ್ಬನೇ ಟ್ಯಾಕ್ಸಿ ಥರ ಹೋಗಿ ಶೇರ್ ರೇಟ್ ಕೊಡ್ತಾನೆ, ನಷ್ಟ ಕಂಪನಿ ತಲೆಗೆ. ಜನ ಬುದ್ಧಿವಂತರು, ಯಾವ ಹೊತ್ತಲ್ಲಿ ಜೊತೆಗೆ ಯಾರೂ ಬರಲ್ಲ ಅಂತ ನೋಡಿ ಬುಕ್ ಮಾಡ್ತಿದ್ರು. ಆಮೇಲೆ ಸ್ವಲ್ಪ ಕಾಯಿ, ಸ್ವಲ್ಪ ನಡಿ, ಇನ್ನೂ ಅಗ್ಗಕ್ಕೆ ಕೊಡ್ತೀವಿ ಅಂತ ಎಕ್ಸ್‌ಪ್ರೆಸ್ ಪೂಲ್ ತಂದ್ರು. 2020ರಲ್ಲಿ ಕೋವಿಡ್ ಬಂದು ಪೂಲ್ ನಿಂತೇ ಹೋಯ್ತು.

ನಾನಂತೂ ಅಲ್ಗಾರಿದಮ್‌ಗಿಂತ ಜಾಸ್ತಿ ನಂಬೋದು ಎರಡು ಸಣ್ಣ ವಿಷ್ಯನ. ಒಂದು, ಮನೆ ಬಾಗಿಲು ಬಿಟ್ಟು ಹತ್ರದ ಮೂಲೇಲಿ ಹತ್ತಿಸೋದು, ವರ್ಚುವಲ್ ಸ್ಟಾಪ್ ಅಂತಾರಲ್ಲ ಅದು. ಡಿಪೋ ಸರ್ ಹೇಳಿದ ಆರು ನಿಮಿಷದಲ್ಲಿ ಎಷ್ಟೋ ಅಲ್ಲೇ ಉಳಿಯತ್ತೆ. ಇನ್ನೊಂದು, ಮುಂಚೆ ಬುಕ್ ಮಾಡಿಸೋದು. ಈಗಲೇ ಗಾಡಿ ಬೇಕು ಅನ್ನೋರಿಗೆ ಜೊತೆ ಹುಡ್ಕೋಕೆ ನಂಗೆ ಟೈಮೇ ಇರಲ್ಲ. ನಾಳೆ ಬೆಳಿಗ್ಗೆ ಎಂಟರಿಂದ ಎಂಟೂಕಾಲರ ಒಳಗೆ ಬೇಕು ಅಂದ್ರೆ ಆ ಹದಿನೈದು ನಿಮಿಷಾನ ಇಟ್ಕೊಂಡು ಒಳ್ಳೇ ಗುಂಪು ಕಟ್ಟಬಹುದು. ತಮಾಷೆ ಅಂದ್ರೆ ಮಾರೋದು "ಕರೆದಾಗ ಬರತ್ತೆ" ಅಂತ, ಓಡೋದು ಮಾತ್ರ ಹಿಂದಿನ ದಿನ ಕರೆದೋರಿಂದ.

ಬಸ್ಸೇಸಾಕು:
ಇಷ್ಟೆಲ್ಲ ಯಾಕೆ. ಟರ್ಕಿ ದೋಲ್ಮುಶ್, ರಷ್ಯಾ ಕಡೆ ಮಾರ್ಶ್ರುತ್ಕಾ, ಕೀನ್ಯಾದ ಮಟಾಟು, ನಮ್ಮ ಶೇರ್ ಆಟೋ, ಎಲ್ಲ ಆಪ್ ಇಲ್ದೇನೇ ಎಷ್ಟೋ ದಶಕದಿಂದ ಓಡ್ತಿವೆ, ಯಾವ ಇನ್ವೆಸ್ಟರ್ ದುಡ್ಡೂ ಬೇಕಾಗಿಲ್ಲ. ಹತ್ತು ನಿಮಿಷಕ್ಕೊಂದು ಬಸ್ಸು ಬಿಟ್ಟು ಅದಕ್ಕೊಂದು ಲೇನ್ ಕೊಟ್ರೆ ನಿಮ್ಮ ವ್ಯಾನ್ ಯಾರಿಗೂ ನೆನಪಾಗಲ್ಲ.

ಡಿಪೋಕಡೆಯವ:
ಅರ್ಧ ಒಪ್ತೀನಿ. ಅವು ಯಾಕೆ ಓಡ್ತವೆ ಅಂತ ನೋಡಿ, ದಾರಿ ಫಿಕ್ಸು, ನಿಲ್ಲೋ ಜಾಗ ಮಾತ್ರ ಕೈ ತೋರಿಸಿದ ಕಡೆ. ಊರೆಲ್ಲ ಸುತ್ತಲ್ಲ. ಎಷ್ಟೋ ಕಡೆ ಸೀಟು ತುಂಬೋವರೆಗೂ ಹೊರಡಲ್ಲ, ಅಂದ್ರೆ ಖಾಲಿ ಓಡಾಟದ ಖರ್ಚನ್ನ ಪ್ಯಾಸೆಂಜರ್ ತನ್ನ ಟೈಮಲ್ಲಿ ಕಟ್ತಾನೆ. ಅದಕ್ಕೇ ಲಾಭ ಬರೋದು. ಆಪ್ ಕಂಪನಿ ಅದೇ ಖರ್ಚನ್ನ ತನ್ನ ಮೇಲೆ ಹಾಕ್ಕೊಂಡು ಆಮೇಲೆ ಯಾಕೆ ನಷ್ಟ ಅಂತ ತಲೆ ಕೆರ್ಕೊಳತ್ತೆ.

ಕಿಟಕಿಪಕ್ಕ:
ತುಂಬೋವರೆಗೂ ಹೊರಡಲ್ಲ ಅನ್ನೋದನ್ನ ಲಾಭ ಅಂತ ಬರ್ದಿದೀರ, ನಿಂತು ಕಾಯೋರನ್ನೂ ಒಂದು ಮಾತು ಕೇಳಿ ಸ್ವಾಮಿ 🙂 ಟೈಮ್‌ಗೆ ಬೆಲೆ ಇರೋರೆಲ್ಲ ಅದನ್ನ ಬಿಟ್ಟು ಸ್ವಂತ ಗಾಡಿ ತಗೊಂಡಾಯ್ತು, ಬೇರೆ ದಾರಿ ಇಲ್ಲದೋರು ಕಾಯ್ತಿದಾರೆ ಅಷ್ಟೇ.

ಖಾಲಿಸೀಟು:
ಓದಿ ತಲೆ ಗಿರ್ ಅಂತಿದೆ, ಆದ್ರೂ ಥ್ಯಾಂಕ್ಸ್. ಹಂಗಾದ್ರೆ ಊರಲ್ಲಿ ಯಾರು ಬೇಕಾದ್ರೂ ಎಲ್ಲಿಂದ ಎಲ್ಲಿಗೆ ಬೇಕಾದ್ರೂ ಅನ್ನೋದು ಆಗದ ಮಾತು ಅಂತ ಒಪ್ಕೊಂಡೆ. ಮತ್ತೆ ಎಲ್ಲಿ ಆಗತ್ತೆ? ಇದೇ ಥರ ಶೇರ್ ವ್ಯಾನ್ ಓಡಿಸೋ ಅಮೆರಿಕದ ವಿಯಾ ಕಂಪನಿ ಇನ್ನೂ ಓಡ್ತಿದೆ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮೋಯಾ ಇದೆ, ಅವ್ರು ಏನು ಬೇರೆ ಮಾಡಿದ್ರು?

ನಕ್ಷೆಹಿಡಿದವ:
ನಗರ ಸಾರಿಗೆ ಪ್ಲ್ಯಾನಿಂಗ್ ಕಡೆಯವನು, ಸ್ವಲ್ಪ ಉದ್ದ ಬರೀತೀನಿ.

ವಿಯಾ ಮಾಡಿದ್ದು ಗಿರಾಕಿನ ಬದಲಾಯಿಸಿದ್ದು. ಮೊದ್ಲು ಪ್ಯಾಸೆಂಜರ್‌ಗೆ ನೇರ ಮಾರ್ತಿದ್ರು, ಆಮೇಲೆ ನಗರಗಳಿಗೆ ಸಾಫ್ಟ್‌ವೇರ್ ಮತ್ತು ಸರ್ವಿಸ್ ಕಾಂಟ್ರಾಕ್ಟ್ ಮಾರೋ ಕಂಪನಿ ಆದ್ರು. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ 2017ರ ಕೊನೇಲಿ ಶುರು ಮಾಡಿದ್ರು, ಅಲ್ಲಿ ಇದ್ದ ಒಂದೇ ಬಸ್ ರೂಟೂ ನಿಂತು ಅದ್ರ ಜಾಗಕ್ಕೆ ವ್ಯಾನ್ ಬಂತು. ನಾರ್ತ್ ಕೆರೊಲಿನಾದ ವಿಲ್ಸನ್ ಅನ್ನೋ ಚಿಕ್ಕ ಊರು 2020ರಲ್ಲಿ ತನ್ನ ಬಸ್ ರೂಟ್‌ಗಳನ್ನೇ ತೆಗೆದು ಇದನ್ನ ಇಟ್ಕೊಂಡಿತು. ಮೋಯಾ ಹಿಂದೆ ಫೋಕ್ಸ್‌ವಾಗನ್ ಇದೆ, 2019ರಿಂದ ಹ್ಯಾಂಬರ್ಗ್‌ನಲ್ಲಿ ಓಡ್ತಿದೆ, ಟಿಕೆಟ್ ದುಡ್ಡಲ್ಲೇ ಬದುಕ್ತಿದೆ ಅಂತ ಅಂದ್ಕೋಬೇಡಿ, ಡ್ರೈವರ್ ಇಲ್ಲದ ಗಾಡಿ ಬರೋ ದಿನಕ್ಕೆ ತಯಾರಿ ಅದು. ಅಂದ್ರೆ ಎರಡು ಕಡೇನೂ ಟಿಕೆಟ್ ಬಿಟ್ಟು ಬೇರೆ ಜೇಬಿದೆ.

ನಗರದ ಕಾಂಟ್ರಾಕ್ಟ್ ಹಿಡಿಯೋ ಮುಂಚೆ ಒಂದು ವಿಷ್ಯ ಗೊತ್ತಿರ್ಲಿ. ಬಸ್ಸಿಗೆ ಇನ್ನೊಬ್ಬ ಹತ್ತಿದ್ರೆ ಹೆಚ್ಚು ಖರ್ಚಿಲ್ಲ, ಜನ ಜಾಸ್ತಿ ಆದಷ್ಟೂ ತಲೆಗೆ ಬೀಳೋ ಸಬ್ಸಿಡಿ ಇಳಿಯತ್ತೆ. ನಿಮ್ಮ ವ್ಯಾನಿಗೆ ಜನ ಜಾಸ್ತಿ ಆದ್ರೆ ಗಾಡಿ ಜಾಸ್ತಿ ಬೇಕು, ಡ್ರೈವರ್ ಜಾಸ್ತಿ ಬೇಕು, ನಗರದ ಬಿಲ್ಲು ಏರತ್ತೆ. ಫೇಮಸ್ ಆದಷ್ಟೂ ಕೌನ್ಸಿಲ್ ಮುಖ ಸಿಂಡರಿಸತ್ತೆ. ಆಗ ಅವ್ರು ಮಾಡೋದು ಗಾಡಿ ಸಂಖ್ಯೆಗೆ ಮಿತಿ ಹಾಕೋದು, ಆಗ ಕಾಯೋ ಹೊತ್ತು ಏರತ್ತೆ, ಕಿಟಕಿಪಕ್ಕ ಅವ್ರು ಹೇಳಿದ ಗ್ಯಾರಂಟಿ ಹೋಗತ್ತೆ. ಹಾಗಾಗಿ ಕಾಂಟ್ರಾಕ್ಟ್ ಮಾಡ್ಕೊಳ್ಳೋವಾಗ ಟ್ರಿಪ್ ಲೆಕ್ಕದಲ್ಲಿ ಬೇಡ, ಗಾಡಿ-ಗಂಟೆ ಲೆಕ್ಕದಲ್ಲಿ ಮಾಡ್ಕೊಳಿ, ಅಂದ್ರೆ ಗಾಡಿ ಎಷ್ಟು ಗಂಟೆ ರಸ್ತೆ ಮೇಲಿತ್ತೋ ಅಷ್ಟಕ್ಕೆ ದುಡ್ಡು, ಜನ ಹೆಚ್ಚುಕಮ್ಮಿ ಆಗೋ ರಿಸ್ಕ್ ನಿಮ್ಮ ತಲೆ ಮೇಲೆ ಬರಬಾರ್ದು.

ನಿಮ್ಮಂಥ ಚಿಕ್ಕ ಟೀಮ್‌ಗೆ ನಾನು ನೋಡೋದು ಒಂದು ತುದಿ ಫಿಕ್ಸ್ ಆಗಿರೋ ಓಡಾಟ. ಎಲ್ಲರೂ ಬರೋದು ಬೇರೆ ಬೇರೆ ಕಡೆಯಿಂದ, ಹೋಗೋದು ಒಂದೇ ಜಾಗಕ್ಕೆ. ರೈಲ್ವೇ ಸ್ಟೇಷನ್ ಅಥವಾ ಮೆಟ್ರೋ ಸ್ಟೇಷನ್ ಒಂದು. ಅಲ್ಲಿ ಬೇಡಿಕೆ ಅಲೆ ಅಲೆಯಾಗಿ ಬರತ್ತೆ, ರೈಲು ಬಂದಾಗ ಒಟ್ಟಿಗೆ ಎಲ್ಲರೂ, ಆಮೇಲೆ ಯಾರೂ ಇಲ್ಲ, ಹಾಗಾಗಿ ಗುಂಪು ಕಟ್ಟೋದು ಸುಲಭ ಆದ್ರೂ ಮಧ್ಯದಲ್ಲಿ ಗಾಡಿ ಸುಮ್ನೆ ನಿಂತಿರತ್ತೆ. ಅದಕ್ಕಿಂತ ನಂಗೆ ಜಾಸ್ತಿ ಇಷ್ಟ ಆಗೋದು ಶಿಫ್ಟ್ ಕೆಲಸದ ಜಾಗಗಳು, ಆಸ್ಪತ್ರೆ, ಏರ್‌ಪೋರ್ಟ್, ಗೋಡೌನ್, ಫ್ಯಾಕ್ಟರಿ. ಬೆಳಗಿನ ಜಾವ ಶುರು, ರಾತ್ರಿ ಬಿಡೋದು, ಆ ಹೊತ್ತಲ್ಲಿ ಬಸ್ಸೇ ಇರಲ್ಲ. ಟೈಮ್ ಮುಂಚೇನೇ ಗೊತ್ತು, ಯಾರು ಬರ್ತಾರೆ ಅಂತ ಗೊತ್ತು, ಜೊತೆಲಿ ಕೂರೋರು ಪೂರ್ತಿ ಅಪರಿಚಿತರಲ್ಲ, ಮುಖ್ಯವಾಗಿ ದುಡ್ಡು ಕೊಡೋದು ಕಂಪನಿ. ಸ್ಟಾಫ್ ಟೈಮ್‌ಗೆ ಬಾರದೇ ಹೋದ್ರೆ ಆಗೋ ನಷ್ಟದ ಮುಂದೆ ವ್ಯಾನ್ ಬಿಲ್ ಅವ್ರಿಗೆ ದೊಡ್ಡದಲ್ಲ. ಕಂಪನಿ ಕ್ಯಾಬ್ ಅನ್ನೋದು ಹಳೇ ಬಿಸ್ನೆಸ್ಸೇ, ನಿಜ. ನಿಮಗೆ ಜಾಗ ಇರೋದು ಅಕ್ಕಪಕ್ಕದ ಸಣ್ಣ ಸಣ್ಣ ಕಂಪನಿಗಳಲ್ಲಿ, ಒಬ್ಬೊಬ್ಬರಿಗೇ ಗಾಡಿ ಇಡೋಷ್ಟು ಸ್ಟಾಫ್ ಇರಲ್ಲ, ನಾಲ್ಕೈದು ಕಂಪನಿ ಸೇರಿದ್ರೆ ವ್ಯಾನ್ ತುಂಬತ್ತೆ.

ಇನ್ನೊಂದು ಕಡೆ ಯಾರೂ ಗ್ಲಾಮರ್ ಇಲ್ಲ ಅಂತ ನೋಡಲ್ಲ, ವಯಸ್ಸಾದೋರು ಮತ್ತೆ ಅಂಗವೈಕಲ್ಯ ಇರೋರ ಓಡಾಟ. ಅಮೆರಿಕದಲ್ಲಿ ಅಂಗವೈಕಲ್ಯ ಇರೋರ ಹಕ್ಕಿನ 1990ರ ಎಡಿಎ ಕಾನೂನಿನ ಪ್ರಕಾರ ಬಸ್ ಓಡಿಸೋ ಸಂಸ್ಥೆನೇ ಬಸ್ ಹತ್ತೋಕಾಗದೋರಿಗೆ ಬೇರೆ ಗಾಡಿ ಕೊಡ್ಬೇಕು, ಸಾಮಾನ್ಯವಾಗಿ ಹಿಂದಿನ ದಿನ ಬುಕ್ ಮಾಡ್ಬೇಕು. ಅಲ್ಲಿ ಒಂದು ಟ್ರಿಪ್‌ಗೆ ಆಗೋ ಖರ್ಚು ಈಗಾಗ್ಲೇ ತುಂಬಾ ಜಾಸ್ತಿ, ಗುಂಪು ಚೆನ್ನಾಗಿ ಕಟ್ಟಿ ಅದನ್ನ ಸ್ವಲ್ಪ ಇಳಿಸಿದ್ರೂ ದುಡ್ಡು ಕೊಡೋರು ಖುಷಿಯಾಗಿ ಕೊಡ್ತಾರೆ. ಆದ್ರೆ ವೀಲ್‌ಚೇರ್ ಹತ್ತಿಸೋ ಗಾಡಿ ಬೇಕು, ಟ್ರೈನಿಂಗ್ ಆಗಿರೋ ಡ್ರೈವರ್ ಬೇಕು, ಮತ್ತೆ ಫೋನ್ ಎತ್ತಿ ಮಾತಾಡೋ ಮನುಷ್ಯ ಬೇಕೇ ಬೇಕು, ಬರೀ ಆಪ್ ನಡಿಯಲ್ಲ.

ಕೊನೇದಾಗಿ ಪರ್ಮಿಟ್. ಬಹಳ ಕಡೆ ಕಾನೂನಿಗೆ ಗೊತ್ತಿರೋದು ಬಸ್ಸು ಮತ್ತು ಟ್ಯಾಕ್ಸಿ ಎರಡೇ, ನೀವು ಮಧ್ಯದೋರು. ಲಂಡನ್‌ನಲ್ಲಿ ಊರೊಳಗೆ ದಾರಿ ತೋರಿಸೋ ಆಪ್ ಕಂಪನಿ ಸಿಟಿಮ್ಯಾಪರ್ 2017ರಲ್ಲಿ ಬಸ್ ಶುರು ಮಾಡಿ, ರೂಟ್ ಬೇಕಾದ ಹಾಗೆ ತಿರುಗಿಸೋಕೆ ಬಸ್ಸಿನ ನಿಯಮ ಬಿಡಲ್ಲ ಅಂತ ಎಂಟು ಸೀಟಿನ ಗಾಡಿಗೆ ಇಳೀತು, 2019ರಲ್ಲಿ ಅದೂ ನಿಂತಿತು. ಜರ್ಮನಿ 2021ರಲ್ಲಿ ಕಾನೂನನ್ನೇ ತಿದ್ದಿ ಈ ಥರದ ಸರ್ವಿಸ್‌ಗೆ ಬೇರೆ ವರ್ಗ ಮಾಡ್ತು, ಅಲ್ಲಿವರೆಗೂ ಪ್ರಯೋಗದ ಲೈಸೆನ್ಸ್ ಮೇಲೇ ಓಡಿಸ್ತಿದ್ರು. ಸಾಫ್ಟ್‌ವೇರ್ ಬರೆಯೋ ಮುಂಚೆ ನಿಮ್ಮಲ್ಲಿ ಯಾವ ಪರ್ಮಿಟ್‌ನಲ್ಲಿ ಎಷ್ಟು ಸೀಟು, ಬಿಡಿ ಬಿಡಿ ಟಿಕೆಟ್ ಮಾರಬಹುದಾ ಇಲ್ವಾ ಅಂತ ಗೊತ್ತಿರೋ ವಕೀಲರ ಹತ್ರ ಕೂತ್ಕೊಳಿ.

ಬಸ್ಸೇಸಾಕು:
ರಾತ್ರಿ ಶಿಫ್ಟ್ ಅಂದ್ರೆ ಒಪ್ಪಿದೆ. ಖಾಲಿ ಬಸ್ ಓಡಿಸೋದು ನಂಗೂ ಇಷ್ಟ ಇಲ್ಲ. ಹಗಲು ಹೊತ್ತು ಬಸ್ ರೂಟ್ ಮೇಲೆ ಬಂದು ನಮ್ಮ ಪ್ಯಾಸೆಂಜರ್ ಕದಿಬೇಡಿ ಅಷ್ಟೇ.

ಖಾಲಿಸೀಟು:
ಪಾರ್ಟ್ನರ್‌ಗೆ ಈ ಥ್ರೆಡ್ ಕಳಿಸ್ದೆ, ಒಂದು ಗಂಟೆ ಜಗಳ ಆಡಿ ಆಮೇಲೆ ಸುಮ್ನಾದ. ಆಸ್ಪತ್ರೆ ಮತ್ತೆ ಅದ್ರ ಸುತ್ತ ಇರೋ ಲ್ಯಾಬು, ನರ್ಸಿಂಗ್ ಹೋಮ್‌ಗಳನ್ನ ಸೇರಿಸಿ ರಾತ್ರಿ ಶಿಫ್ಟ್‌ಗೆ ಟ್ರೈ ಮಾಡೋಣ ಅನ್ನಿಸ್ತಿದೆ, ಆಪ್ ಕೂಡ ಆಮೇಲೆ, ಮೊದ್ಲು ಶೀಟ್‌ನಲ್ಲೇ ಹಿಂದಿನ ದಿನ ಲಿಸ್ಟ್ ಮಾಡ್ತೀವಿ. ಒಂದೇ ಡೌಟು, ಬುಕ್ ಮಾಡಿ ಬಾರದೇ ಇರೋರನ್ನ ಹೆಂಗೆ ಮ್ಯಾನೇಜ್ ಮಾಡೋದು? ದುಡ್ಡು ಕಂಪನಿ ಕೊಡೋವಾಗ ಇವ್ರಿಗೆ ಕಳ್ಕೊಳ್ಳೋದು ಏನೂ ಇರಲ್ವಲ್ಲ.

ಡಿಪೋಕಡೆಯವ:
ಅದು ಬರೋದು ಗ್ಯಾರಂಟಿ. ದಂಡ ಹಾಕೋದ್ರಿಂದ ಶುರು ಮಾಡ್ಬೇಡಿ, ಕ್ಯಾನ್ಸಲ್ ಮಾಡೋದನ್ನ ಸುಲಭ ಮಾಡಿ. ಬಾರದೇ ಇರೋರಲ್ಲಿ ಎಷ್ಟೋ ಜನ ಶಿಫ್ಟ್ ಬದಲಾಗಿರತ್ತೆ, ಯಾರಿಗೆ ಹೇಳೋದು ಅಂತ ಗೊತ್ತಿರಲ್ಲ. ಗಾಡಿ ಹೊರಡೋಕೆ ಒಂದು ಗಂಟೆ ಮುಂಚೆ ಮೆಸೇಜ್ ಕಳಿಸಿ, ಬರ್ತೀನಿ ಅಥವಾ ಇಲ್ಲ ಅಂತ ಒಂದು ಅಂಕಿ ಒತ್ತಿದ್ರೆ ಸಾಕು ಅನ್ನೋ ಹಾಗಿರ್ಲಿ. ಶಿಫ್ಟ್ ಇನ್‌ಚಾರ್ಜ್‌ಗೂ ಲಿಸ್ಟ್ ಹೋಗ್ಲಿ, ರೋಸ್ಟರ್ ಬದಲಾದ್ರೆ ಅವ್ರೇ ತಿದ್ಲಿ. ಪದೇ ಪದೇ ಮಾಡೋರಿಗೆ ದುಡ್ಡಿನ ದಂಡಕ್ಕಿಂತ ಕೆಲ ದಿನ ಬುಕಿಂಗ್ ನಿಲ್ಲಿಸೋದು ಚೆನ್ನಾಗಿ ಕೆಲಸ ಮಾಡತ್ತೆ.

ಕಾಯೋ ರೂಲ್ ಒಂದೇ ಇರ್ಲಿ, ಎರಡು ನಿಮಿಷ ಅಂದ್ರೆ ಎಲ್ಲರಿಗೂ ಎರಡು, ಡಾಕ್ಟರ್‌ಗೆ ಐದು ಆಯಾಗೆ ಒಂದು ಅಂತ ಮಾಡಿದ್ರೆ ವಾರದೊಳಗೆ ಗಾಡಿಲಿ ಜಗಳ ಶುರುವಾಗತ್ತೆ. ಇನ್ನೊಂದು, "ಬರ್ಲಿಲ್ಲ" ಅಂತ ಮಾರ್ಕ್ ಮಾಡೋದು ಡ್ರೈವರ್ ಕೈಲಿ ಇರ್ಲಿ, ಆದ್ರೆ ಗಾಡಿ ನಿಜವಾಗ್ಲೂ ಆ ಸ್ಟಾಪ್‌ನಲ್ಲಿ ಎರಡು ನಿಮಿಷ ನಿಂತಿತ್ತು ಅಂತ ಜಿಪಿಎಸ್ ತೋರಿಸ್ಬೇಕು. ಇಲ್ಲಾಂದ್ರೆ ಮಳೆ ಬಂದ ರಾತ್ರಿ ದೂರದ ಸ್ಟಾಪಿನೋರೆಲ್ಲ ಲಿಸ್ಟ್‌ನಲ್ಲಿ "ಬರ್ಲಿಲ್ಲ" ಆಗಿರ್ತಾರೆ, ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬರೋದು ನಿಮಗೆ.